ಪುರುಸೊತ್ತಾದಾಗ ಅಲ್ಲ, ತಾರೀಖಿಗೆ ಬಿಡ್ರಿ

1/6
ಮಾನ್ವಿ, ದೇವದುರ್ಗದ ದೋಸ್ತ್ರ, ನಿಮಗ ಇದು ಲಗೂನ ತಿಳೀತದ. ತುಂಗಭದ್ರಾ ಎಡದಂಡೆಗೆ, ನಾರಾಯಣಪುರ ಬಲದಂಡೆಗೆ ನೀರು ಯಾವತ್ತು ಬಿಡ್ತಾರ, ಯಾವತ್ತು ಬಂದ್ ಮಾಡ್ತಾರ ಅಂತ ನಾವು ತಾರೀಖು ಕೇಳ್ತೀವಿ. "ಪುರುಸೊತ್ತಾದಾಗ ಬಿಡ್ತೀವಿ" ಅಂದ್ರ ಕೆಳಭಾಗದ ರೈತರು ರಸ್ತೆಗೆ ಇಳೀತಾರ. ಆದ್ರ ನಮ್ಮ ಪಹಣಿ, ಸ್ಕಾಲರ್‌ಶಿಪ್, ರಿಸಲ್ಟ್ ಇರೋ ಸರ್ವರ್‌ಗಳ ಬಗ್ಗೆ ಆ ಪ್ರಶ್ನೆ ಯಾರೂ ಕೇಳಂಗಿಲ್ಲ.

2/6
ಕ್ಲೌಡ್‌ನಾಗ ಹೊಸ ಸರ್ವರ್ ಬೇಕಂದ್ರ ಪ್ರತಿ ಸಲ ಕುಂತು ಓಎಸ್ ಇನ್‌ಸ್ಟಾಲ್ ಮಾಡಂಗಿಲ್ಲ. ಮೊದಲೇ ರೆಡಿ ಮಾಡಿಟ್ಟ ಪ್ರತಿ ಇರ್ತದ, ಅದೇ ಇಮೇಜ್. ಇಟ್ಟಿಗೆ ಅಚ್ಚು ಇದ್ದಂಗ. ಅಚ್ಚು ಸೀಳಿದ್ರ ಎಲ್ಲಾ ಇಟ್ಟಿಗೆಗೂ ಅದೇ ಗುರುತು. ಆರು ತಿಂಗಳ ಹಳೇ ಇಮೇಜಿನಿಂದ ಇವತ್ತು ಎಬ್ಬಿಸಿದ ಸರ್ವರ್‌ನಾಗ, ಆ ಆರು ತಿಂಗಳಲ್ಲಿ ಜಗತ್ತಿಗೆ ಗೊತ್ತಾದ ತೂತುಗಳೆಲ್ಲಾ ಹಂಗೇ ಇರ್ತಾವ. ಆಮ್ಯಾಲ ಅಪ್ಡೇಟ್ ಹಾಕಬಹುದು, ಖರೆ. ಹಾಕೋತನಕ ಬಾಗಿಲು ತೆರೆದೇ ಇರ್ತದ.

3/6
ತಡ ಮಾಡಿದ್ರ ಏನಾಗ್ತದ? 2017ರ ಮಾರ್ಚ್ 14ಕ್ಕ ಮೈಕ್ರೋಸಾಫ್ಟ್ ವಿಂಡೋಸಿನ ಒಂದು ತೂತಿಗೆ ಅಪ್ಡೇಟ್ ಬಿಟ್ಟಿತ್ತು. ಮೇ 12ಕ್ಕ ವಾನಾಕ್ರೈ ಅದೇ ತೂತಿನಾಗ ನುಗ್ಗಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್ ಲಾಕ್ ಮಾಡ್ತು. ನಡುವೆ ಸುಮಾರು ಎರಡು ತಿಂಗಳು ಟೈಮ್ ಇತ್ತು. "ಆಮ್ಯಾಲ ನೋಡೋಣ" ಅಂದವರು ಸಿಕ್ಕಿಬಿದ್ರು.

4/6
ಇದಕ್ಕ ಮದ್ದು ಕ್ಯಾಲೆಂಡರ್. ಮೈಕ್ರೋಸಾಫ್ಟ್ ಪ್ರತಿ ತಿಂಗಳು ಎರಡನೇ ಮಂಗಳವಾರ ಅಪ್ಡೇಟ್ ಬಿಡ್ತದ. ಉಬುಂಟು ಹೊಸ ಆವೃತ್ತಿ ಏಪ್ರಿಲ್, ಅಕ್ಟೋಬರ್‌ಗೆ. ಅದಕ್ಕೇ 24.04 ಅಂದ್ರ 2024ರ ನಾಲ್ಕನೇ ತಿಂಗಳು. ಅವರ ಕ್ಲೌಡ್ ಇಮೇಜ್ ದಿನಾಲೂ ಮಷೀನೇ ಕಟ್ತದ. ಬಿಕಾಂನವರಿಗೆ ಇದರಾಗ ಹೊಸದೇನದ? ತಿಂಗಳಾ ಜಿಎಸ್‌ಟಿಆರ್-3ಬಿ ತುಂಬೋರು 20ನೇ ತಾರೀಖಿಗೆ ತುಂಬಲೇಬೇಕು. ಮೂಡ್ ಬಂದಾಗ ಅಲ್ಲ.

5/6
"ತಾನಾಗೇ ಬಿಟ್ಟು ಕೆಟ್ಟದ್ದು ಹೋದ್ರ?" ಅಂತ ಕೇಳ್ತೀರಿ. ಕೇಳಬೇಕು. 2024ರ ಜುಲೈ 19ಕ್ಕ ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮಷೀನ್ ಕೆಟ್ಟು ನಿಂತವು. ಅದು ಓಎಸ್ ಇಮೇಜ್ ಅಲ್ಲ, ಆದ್ರೂ ಪಾಠ ಅದೇ. ತಪ್ಪು ಆಟೊಮ್ಯಾಟಿಕ್ ಆಗಿದ್ದರಾಗಿಲ್ಲ. ಪರೀಕ್ಷೆಯಲ್ಲಿ ಸಿಗದ ದೋಷ ಎಲ್ಲರಿಗೂ ಒಮ್ಮೆಲೇ ಹೋಗಿದ್ದರಾಗದ. ಮಷೀನೇ ಇಮೇಜ್ ಕಟ್ಟಲಿ, ಬೂಟ್ ಮಾಡಿ ಪರೀಕ್ಷಿಸಲಿ. ಪಾಸಾದ್ರ ಮೊದಲು ಸ್ವಲ್ಪ ಜನಕ್ಕ, ಆಮ್ಯಾಲ ಎಲ್ಲರಿಗೆ. ಫೇಲಾದ್ರ ಹಳೇದು ಇರಲಿ, ಯಾರಿಗಾದ್ರೂ ಮೆಸೇಜ್ ಹೋಗಲಿ. ಕಾಲುವೆ ಒಡೀತದ ಅಂತ ನೀರೇ ಬ್ಯಾಡ ಅಂತೀವೇನು? ಗೇಜ್ ನೋಡಿ ಬಿಡ್ರಿ ಅಂತೀವಿ.

6/6
ರಾಯಚೂರಿನಾಗ ಇಂಟರ್ನ್‌ಶಿಪ್‌ಗೆ ಹೋಗೋರು, ಬೆಂಗಳೂರಿಗೆ ಕೆಲಸಕ್ಕ ಹೋಗೋರು, "ನಮ್ದೆಲ್ಲಾ ಕ್ಲೌಡ್‌ನಾಗ ಅದ" ಅಂದೋರಿಗೆ ಮೂರೇ ಕೇಳ್ರಿ: ನಿಮ್ಮ ಇಮೇಜ್ ಯಾವ ತಾರೀಖಿಂದು? ಮುಂದಿಂದು ಯಾವಾಗ? ಬಿಡೋದು ಮನುಷ್ಯನೋ, ಮಷೀನೋ? "ಅದು ಒಬ್ಬ ಸರ್‌ಗೆ ಮಾತ್ರ ಗೊತ್ತು, ರಜಾದಾಗ ಇದ್ದಾರ" ಅಂದ್ರ, ನಿಮ್ಮ ಡೇಟಾ ಆ ಸರ್ ರಜಾದ ಮ್ಯಾಲ ನಿಂತದ ಅಂತ ತಿಳ್ಕೋರಿ.

ಒಪ್ಪದವರು ಕಮೆಂಟ್‌ನಾಗ ಬರ್ರಿ, ಜಗಳ ಆಡೋಣ.

#ರಾಯಚೂರು #ಮಾನ್ವಿ #ದೇವದುರ್ಗ #ಬಿಕಾಂ