ತಾಣಕ್ಕಿಂತ ಮೊದಲು ಜೊತೆಗಾರರು

ಕೆಲಸದ ಮೇಲೆ ಗುವಾಂಗ್‌ಝೌ, ಶೆನ್‌ಝೆನ್ ಕಡೆ ಹೋಗಿ ನೆಲೆಸುವ ಕನ್ನಡಿಗ ಹಕ್ಕಿಪ್ರಿಯರಿಗೆ ಆರಂಭದಲ್ಲಿ ಪರದೇಶವೆಂಬ ಭಾವನೆ ಅಷ್ಟಾಗಿ ಬಾರದು. ಮನೆಯ ಸುತ್ತಲಿನ ಪೊದೆಗಳಲ್ಲಿ ಕೆಮ್ಮೀಸೆ ಪಿಕಳಾರ, ಹುಲ್ಲಿನ ಮೇಲೆ ಮಡಿವಾಳ, ವಸಂತದಲ್ಲಿ ಕೋಗಿಲೆ: ಎಲ್ಲ ಪರಿಚಿತರೇ. ಇವುಗಳಾಚೆ ಎಲ್ಲಿಗೆ ಹೋಗಬೇಕು ಎಂಬಲ್ಲಿ ತೊಡಕು ಶುರುವಾಗುತ್ತದೆ. ಹೆಚ್ಚಿನವರು ಆಗ ತಾಣಗಳ ಪಟ್ಟಿಗೆ ಕೈಹಾಕುತ್ತಾರೆ. ನನ್ನ ಪ್ರಕಾರ ಅಲ್ಲಿ ಮೊದಲು ಹುಡುಕಬೇಕಾದದ್ದು ಸ್ಥಳೀಯ ಪಕ್ಷಿವೀಕ್ಷಕರನ್ನು. ತಾಣಗಳು ಆಮೇಲೆ ತಾವಾಗಿಯೇ ಸಿಗುತ್ತವೆ.

ಕರ್ನಾಟಕದಲ್ಲಿ ಇ-ಬರ್ಡ್ ತೆರೆದರೆ ಯಾವ ಕೆರೆಯಲ್ಲಿ ನಿನ್ನೆ ಏನಿತ್ತು ಎಂದು ತಿಳಿಯುತ್ತದೆ. ಚೀನಾದ ಬಹಳಷ್ಟು ವೀಕ್ಷಕರು ಮಾತ್ರ ತಮ್ಮ ದಾಖಲೆಗಳನ್ನು ಚೀನೀ ಭಾಷೆಯ ಬೇರೊಂದು ದಾಖಲೆ ಕೇಂದ್ರಕ್ಕೆ ಸೇರಿಸುತ್ತಾರೆ. ಅಲ್ಲಿನ ನಕ್ಷೆಗಳ ನಿರ್ದೇಶಾಂಕ ಪದ್ಧತಿಯೂ ಬೇರೆ. ಹೊರಗಿನಿಂದ ತಂದ ಜಿಪಿಎಸ್ ಗುರುತು ಕೆಲವು ನೂರು ಮೀಟರ್ ಆಚೆ ಬೀಳಬಹುದು. ನಕ್ಷೆ ಸರಿಯಿದ್ದರೂ ಅದು ಹೊತ್ತನ್ನು ಹೇಳುವುದಿಲ್ಲ. ಶೆನ್‌ಝೆನ್ ಕೊಲ್ಲಿಯಲ್ಲಿ ಇಳಿತವಿದ್ದಾಗ ಹಕ್ಕಿಗಳು ಕೆಸರುಬಯಲಿನ ದೂರದಂಚಿಗೆ ಚದುರಿ ಬರೀ ಚುಕ್ಕೆಗಳಾಗಿರುತ್ತವೆ. ನೀರು ಏರಿದಂತೆ ದಡದತ್ತ ಸರಿಯುತ್ತವೆ. ಪೂರ್ತಿ ತುಂಬಿದ ಮೇಲೆ ಹೋದರೆ ದಡ ಖಾಲಿ. ಫುಟಿಯಾನ್ ಕಾಂಡ್ಲಾವನದೊಳಕ್ಕೆ ಎಲ್ಲರೂ ಮನಸ್ಸು ಬಂದಂತೆ ಹೋಗಲಾಗದು, ಎದುರು ದಂಡೆಯ ಹಾಂಗ್‌ಕಾಂಗಿನ ಮೈ ಪೊ ಜೌಗು ಮೀಸಲಿಗೆ ಪರವಾನಗಿ ಬೇಕು. ಆದರೆ ಕೊಲ್ಲಿಯ ಅಂಚಿನ ಸಾರ್ವಜನಿಕ ಉದ್ಯಾನದಲ್ಲಿ ಯಾವ ತಿರುವಿನಲ್ಲಿ, ಎಷ್ಟು ಹೊತ್ತಿಗೆ ನಿಲ್ಲಬೇಕೆಂಬುದನ್ನು ನಿತ್ಯ ಬರುವವರು ಬೆರಳು ತೋರಿಸಿ ಹೇಳಬಲ್ಲರು. ಇದೇ ಕೊಲ್ಲಿಗೆ ಚಳಿಗಾಲದಲ್ಲಿ ಕಪ್ಪುಮುಖದ ಚಮಚಕೊಕ್ಕು ಬರುತ್ತದೆ. ರಂಗನತಿಟ್ಟಿನಲ್ಲಿ ಕಾಣುವ ಚಮಚಕೊಕ್ಕಿಗೆ ಅದು ಹತ್ತಿರದ ನಂಟ. 1990ರ ದಶಕದ ಆರಂಭದಲ್ಲಿ ಜಗತ್ತಿನಲ್ಲಿ ಕೆಲವೇ ನೂರು ಉಳಿದಿದ್ದವು. ಈಚಿನ ಎಣಿಕೆಗಳಲ್ಲಿ 6,000 ದಾಟಿದೆ. ಹಲವು ದೇಶಗಳ ಕರಾವಳಿಯಲ್ಲಿ ಪ್ರತಿ ಜನವರಿ ನಡೆಯುವ ಈ ಗಣತಿಯನ್ನು ಜೋಡಿಸುವುದು 1957ರಲ್ಲಿ ಹುಟ್ಟಿದ ಹಾಂಗ್‌ಕಾಂಗ್ ಪಕ್ಷಿವೀಕ್ಷಕರ ಸಂಘ. ಆ ಲೆಕ್ಕವೂ ವೀಕ್ಷಕರ ಒಡನಾಟದಿಂದಲೇ ಬಂದದ್ದು.

ಭಾಷೆ ಬಾರದವರು ಗುಂಪು ಸೇರುವುದು ಹೇಗೆ ಎಂದು ಕೇಳಬಹುದು. ಹಕ್ಕಿಯ ವೈಜ್ಞಾನಿಕ ಹೆಸರು ಎರಡೂ ಕಡೆಯವರಿಗೆ ಗೊತ್ತು, ಉಳಿದದ್ದಕ್ಕೆ ಮೊಬೈಲಿನ ಅನುವಾದ ಸಾಕು. ವೀಚಾಟ್ ಗುಂಪುಗಳಲ್ಲಿ ಫೋಟೊಗಳೇ ಅರ್ಧ ಮಾತಾಡುತ್ತವೆ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಅಪರೂಪದ ಹಕ್ಕಿಯ ಜಾಗವನ್ನು ಅವರು ಹೊಸಬರಿಗೆ ಹೇಳುವುದಿಲ್ಲ. ಹೇಳದಿರುವುದೇ ಸರಿ. ಗುವಾಂಗ್‌ಡಾಂಗಿನಲ್ಲಿ ಹಳದಿ ಎದೆಯ ಕಾಳುಗುಬ್ಬಿಯನ್ನು ವಲಸೆಯ ಕಾಲದಲ್ಲಿ ಬಲೆಬೀಸಿ ಹಿಡಿದು ಔತಣದ ತಿನಿಸು ಮಾಡುತ್ತಿದ್ದರು. ಒಂದು ಕಾಲಕ್ಕೆ ಲೆಕ್ಕವಿಲ್ಲದಷ್ಟಿದ್ದ ಈ ಹಕ್ಕಿ 2017ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಇಳಿಯಿತು. ಅಂಥ ನೆಲದಲ್ಲಿ ಗೂಡಿನ ವಿಳಾಸ ಸಿಗಬೇಕಾದರೆ ನಾಲ್ಕಾರು ಬೆಳಗು ಜೊತೆಯಲ್ಲಿ ನಡೆದು ನಂಬಿಕೆ ಗಳಿಸಬೇಕು, ಬೇರೆ ದಾರಿಯಿಲ್ಲ.

ಹಣ ಕೊಟ್ಟರೆ ಮರೆಗೂಡಾರದಲ್ಲಿ ಕೂತು ಒಂದೇ ದಿನದಲ್ಲಿ ಹತ್ತಾರು ಹಕ್ಕಿ ನೋಡಬಹುದಲ್ಲ, ಇಷ್ಟೆಲ್ಲ ಏಕೆ ಎನ್ನುವವರೂ ಉಂಟು. ಗುವಾಂಗ್ಷಿಯ ಸುಣ್ಣಕಲ್ಲಿನ ಕಾಡುಗಳಲ್ಲಿ 2008ರಲ್ಲಷ್ಟೇ ಹೊಸ ಪ್ರಭೇದವೆಂದು ವರ್ಣಿಸಲಾದ ನೊಂಗಾಂಗ್ ಹರಟೆಮಲ್ಲವನ್ನು ಕಾಣಲು ಜನ ಹೀಗೆಯೇ ಹೋಗುತ್ತಾರೆ. ಹಳ್ಳಿಗರು ನೀರಿನ ಗುಂಡಿ, ಬಟ್ಟೆಯ ಮರೆ ಕಟ್ಟಿ ದುಡಿಯುತ್ತಾರೆ. ಹಕ್ಕಿ ಬದುಕಿದ್ದರೇ ಅವರಿಗೆ ಆದಾಯ. ಈ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಹುಳು ಹಾಕಿ ಕರೆದ ಹಕ್ಕಿ ಒಂದೇ ಕೊಂಬೆಯ ಮೇಲೆ ಕೂತು ಚಿತ್ರ ಕೊಡುತ್ತದೆಯೇ ಹೊರತು, ತಾನು ಕಾಡಿನಲ್ಲಿ ಹೇಗೆ ಬಾಳುತ್ತೇನೆಂಬುದನ್ನು ತೋರಿಸುವುದಿಲ್ಲ. ರಜೆಯಲ್ಲಿ ಹೋಗಿಬರಲಿ, ತಪ್ಪೇನಿಲ್ಲ. ಅಲ್ಲಿಗೂ ಊರಿನ ಗುಂಪಿನ ಜೊತೆಯೇ ಹೋಗುವುದು ಒಳ್ಳೆಯದು: ಯಾವ ಮರೆಯವರು ಮರಿ ಮಾಡುವ ಕಾಲದಲ್ಲಿ ಹಕ್ಕಿಯನ್ನು ಅದರ ಪಾಡಿಗೆ ಬಿಡುತ್ತಾರೆ, ಯಾರು ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.