ಮೀಸಲು ಹುದ್ದೆ ಇದೆ, ಅರ್ಜಿ ಹಾಕಿಸುವವರಿಲ್ಲ

ಪುನರ್ವಸತಿ ಮಹಾನಿರ್ದೇಶಕರಿಗೆ,
ರಕ್ಷಣಾ ಸಚಿವಾಲಯ, ನವದೆಹಲಿ

ಮಾನ್ಯರೇ,

ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಸುತ್ತಲಿನ ಊರುಗಳಲ್ಲಿ ಮಾಜಿ ಸೈನಿಕರು ಬಹಳ. ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಬರುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಪಿಂಚಣಿಯೊಂದರಲ್ಲಿ ಸಂಸಾರ ಸಾಗುವುದಿಲ್ಲ. ಕೇಂದ್ರ ಸರ್ಕಾರದ ನೌಕರಿಗೆ ಅರ್ಜಿ ಹಾಕೋಣವೆಂದು ಬರುತ್ತಾರೆ.

ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ. ಕೇಂದ್ರದ ಗ್ರೂಪ್ ‘ಸಿ’ ನೇರ ನೇಮಕಾತಿಯಲ್ಲಿ ಅವರಿಗೆ ಶೇ 10ರಷ್ಟು ಮೀಸಲಿದೆ; ಸರ್ಕಾರಿ ಬ್ಯಾಂಕುಗಳ ಅದೇ ದರ್ಜೆಯಲ್ಲಿ ಶೇ 14.5. ವಯಸ್ಸಿನಲ್ಲಿ ಸೇವೆಯ ವರ್ಷಗಳನ್ನು ಕಳೆದು, ಮೇಲೆ ಮೂರು ವರ್ಷ ರಿಯಾಯಿತಿ ಕೊಡುತ್ತಾರೆ. ಹಾಗಾಗಿ 20 ವರ್ಷ ದುಡಿದ 41ರ ಹವಾಲ್ದಾರ್ ಲೆಕ್ಕಕ್ಕೆ 21ರ ಯುವಕ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಸಲ್ಲಿಸಿದ್ದರೆ, ಪದವಿ ಕೇಳುವ ತಾಂತ್ರಿಕವಲ್ಲದ ಹಲವು ಗ್ರೂಪ್ ‘ಸಿ’ ಹುದ್ದೆಗಳಿಗೂ ಅವರನ್ನು ಅರ್ಹರೆಂದು ಪರಿಗಣಿಸಬಹುದು.

ಆದರೆ ಇದನ್ನು ಅವರಿಗೆ ಹೇಳುವವರು ಯಾರು? ‘ವಯಸ್ಸು ಮೀರಿತು’, ‘ಡಿಗ್ರಿ ಇಲ್ಲ’ ಎಂದು ತಾವೇ ತೀರ್ಮಾನಿಸಿಕೊಂಡು ಎದ್ದು ಹೋಗುವವರನ್ನು ಕೂರಿಸಿ ಅಧಿಸೂಚನೆ ಓದಿ ಹೇಳುವುದೇ ನನ್ನ ಅರ್ಧ ಕೆಲಸ. ಜಾತಿ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿಲ್ಲವೆಂದು ತೊಂದರೆಗೆ ಸಿಲುಕುವವರೂ ಇದ್ದಾರೆ. ಅರ್ಹ ಮಾಜಿ ಸೈನಿಕರು ಸಿಗದ ಹುದ್ದೆ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ, ಬೇರೆಯವರಿಗೆ ಹೋಗುತ್ತದೆ. ಹಾಗೆ ಹೋದದ್ದಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ.

ಮೂರು ಕೋರಿಕೆಗಳಿವೆ.

ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಲು ಅವಕಾಶವಿದೆ. ಗಡಿಯ ಠಾಣೆಯಲ್ಲಿರುವವರಿಗೆ ಆ ವರ್ಷ ಸುಮ್ಮನೆ ಕಳೆದುಹೋಗುತ್ತದೆ. ಆ ಅವಧಿಯಲ್ಲಿ ಪ್ರತಿ ರೆಜಿಮೆಂಟ್ ಕೇಂದ್ರದಲ್ಲೂ, ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲೂ, ಅರ್ಜಿ ತುಂಬಿಸಿ ಕಂಪ್ಯೂಟರ್ ಪರೀಕ್ಷೆಯ ಅಭ್ಯಾಸ ಮಾಡಿಸಿ.

ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಪ್ರತಿ ಅಧಿಸೂಚನೆಯ ಸಾರವನ್ನು ಕನ್ನಡದಲ್ಲಿ ಹಾಕಿಸಿ. ಸಿಗ್ನಲ್ಸ್‌ನಲ್ಲಿ ರೇಡಿಯೊ ನಡೆಸಿದವರು, ದಾಸ್ತಾನು ನೋಡಿಕೊಂಡವರು ತಮ್ಮ ಅನುಭವವನ್ನು ನಾಗರಿಕ ಹುದ್ದೆಯ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ಹೇಳಿಕೊಡುವವರೊಬ್ಬರನ್ನು ಅಲ್ಲಿ ನೇಮಿಸಿ.

ಮೂರನೆಯದು ಹೆಂಡತಿಯರ ಮಾತು. ಬ್ಯಾಂಕುಗಳ ಆ ಶೇ 14.5ರಲ್ಲಿ 4.5 ಪಾಲು ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ಮಡಿದವರ ಅವಲಂಬಿತರಿಗೆ. ಸೇವೆಯಲ್ಲಿರುವವರ ಪತ್ನಿಗೆ ಅದರಲ್ಲಿ ಏನೂ ಇಲ್ಲ. ಗಂಡನ ವರ್ಗಾವಣೆಯ ಹಿಂದೆ ಊರೂರು ತಿರುಗಿ ಅವಳ ಓದು, ನೌಕರಿ ಎರಡೂ ತುಂಡಾಗುತ್ತವೆ. ಗಂಡ–ಹೆಂಡತಿಯನ್ನು ಸಾಧ್ಯವಾದಷ್ಟು ಒಂದೇ ಊರಿನಲ್ಲಿ ಇಡಬೇಕೆಂಬ 2009ರ ಮಾರ್ಗಸೂಚಿ ಇದೆ, ಆದರೆ ಅದು ಅವಳಿಗೆ ನೌಕರಿ ಸಿಕ್ಕ ಮೇಲಿನ ಮಾತು. ಅಮೆರಿಕದಲ್ಲಿ 2008ರ ಅಧ್ಯಕ್ಷರ ಆದೇಶವೊಂದು, ವರ್ಗಾವಣೆಗೊಂಡ ಯೋಧರ ಸಂಗಾತಿಗಳನ್ನು ಸಾಮಾನ್ಯ ಸ್ಪರ್ಧೆಯಿಲ್ಲದೆ ಸರ್ಕಾರಿ ಹುದ್ದೆಗೆ ತೆಗೆದುಕೊಳ್ಳಲು ದಾರಿ ಮಾಡಿತು. ಅಷ್ಟು ದೂರ ಹೋಗಲು ಕಾನೂನು ಬೇಕು, ಸಮಯ ಬೇಕು. ಅರ್ಜಿ ಹಾಕಿದ ಮೇಲೆ ಗಂಡನಿಗೆ ವರ್ಗವಾದರೆ ಅವಳ ಪರೀಕ್ಷಾ ಕೇಂದ್ರ ಬದಲಿಸಿಕೊಡಿ ಎಂದು ನೇಮಕಾತಿ ಸಂಸ್ಥೆಗಳಿಗೆ ಬರೆಯಲು ತಮ್ಮ ಒಂದು ಪತ್ರ ಸಾಕು. ಮೇಲೆ ಕೇಳಿದ ತರಬೇತಿಗೆ ಅವಳನ್ನೂ ಸೇರಿಸಿಕೊಳ್ಳಲು ಅದೂ ಬೇಡ.

ಸಿಬ್ಬಂದಿ ನೇಮಕಾತಿ ಆಯೋಗದ ಮುಂದಿನ ಅಧಿಸೂಚನೆ ಬರುವ ಮೊದಲು ಒಂದು ಜಿಲ್ಲೆಯಲ್ಲಾದರೂ ಇದನ್ನು ಶುರುಮಾಡಿಸಿ. ಬೆಳಗಾವಿಯನ್ನೇ ಆರಿಸಿದರೆ, ಈ ಕೆಲಸಕ್ಕೆ ನನ್ನ ಅಂಗಡಿಗೆ ಬರುವ ಗಿರಾಕಿ ಕಡಿಮೆಯಾಗುತ್ತಾರೆ. ಆ ನಷ್ಟಕ್ಕೆ ನಾನು ತಯಾರಿದ್ದೇನೆ.

ಇತಿ,
ಬೆಳಗಾವಿ ಜಿಲ್ಲೆಯ ಒಬ್ಬ ಅಂಗಡಿಯವ