ದಾದಿಯಾಗುವವಳೂ ಮೊಮ್ಮಗಳೇ

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಸಾಮಾನ್ಯವಾಗಿ ವೈದ್ಯರು ಬರೆಯುತ್ತಾರೆ. ನಾನು ವಾಣಿಜ್ಯ ಪದವೀಧರ, ಬ್ಯಾಂಕೊಂದರಲ್ಲಿ ಅಧಿಕಾರಿ. ಚಿಕಿತ್ಸೆಯನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲ. ಆದರೆ ಮರಣಶಯ್ಯೆಯಲ್ಲಿರುವ ಹಿರಿಯರೂ ನರ್ಸಿಂಗ್ ಕಲಿಯುತ್ತಿರುವ ಮಗಳೂ ಒಂದೇ ಮನೆಯಲ್ಲಿರುವಾಗ ನಾವು ಮಾಡುವ ತಪ್ಪೇನೆಂಬುದನ್ನು ಬರೆಯಬಲ್ಲೆ. ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ.

ಕಳೆದ ವರ್ಷ ನನ್ನ ತಾಯಿಯವರಿಗೆ ಪಿತ್ತಕೋಶದ ಕ್ಯಾನ್ಸರ್ ಎಂದು ತಿಳಿಯುವ ವೇಳೆಗೆ ಅದು ಯಕೃತ್ತಿಗೂ ಹರಡಿತ್ತು. ಗುಣಪಡಿಸುವುದು ಇನ್ನು ಸಾಧ್ಯವಿಲ್ಲ, ನೋವನ್ನು ತಗ್ಗಿಸಿ ನೆಮ್ಮದಿಯಿಂದ ಇರಿಸಬಹುದು ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಮಗಳು ಆಗ ಬಿ.ಎಸ್‌ಸಿ. ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದು, ಇದೇ ಮುಂಬಯಿಯ ಕಾಲೇಜೊಂದರ ಹಾಸ್ಟೆಲಿನಲ್ಲಿದ್ದಳು. "ಈಗ ಹೇಳುವುದು ಬೇಡ, ಪರೀಕ್ಷೆ ಮುಗಿಯಲಿ" ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ಮೂರು ವಾರಗಳ ಬಳಿಕ ಒಂದು ಭಾನುವಾರ ಮನೆಗೆ ಬಂದವಳು ಅಜ್ಜಿಯ ಹಳದಿಗಟ್ಟಿದ ಕಣ್ಣುಗಳನ್ನೂ ಸೊರಗಿದ ತೋಳುಗಳನ್ನೂ ನೋಡಿದಳು. ನಮ್ಮನ್ನು ಏನೂ ಕೇಳಲಿಲ್ಲ. ಕಪಾಟಿನಲ್ಲಿದ್ದ ರಿಪೋರ್ಟುಗಳನ್ನು ತಾನೇ ತೆಗೆದು ಓದಿದಳು.

ಅಂದಿನಿಂದ ನಾವು ಇನ್ನೊಂದು ತುದಿಗೆ ಹೋದೆವು. ಮಾರ್ಫಿನ್ ಮಾತ್ರೆಯನ್ನು ಎಷ್ಟು ಗಂಟೆಗೊಮ್ಮೆ ಕೊಡಬೇಕು, ಅದರಿಂದ ಚಟ ಹತ್ತುವುದೇ, ಮಲಬದ್ಧತೆಗೆ ಏನು ಮಾಡಬೇಕು, ಬೆನ್ನು ಕೆಂಪಾಗಿರುವುದು ಹುಣ್ಣಾಗುವುದೇ ಎಂದು ರಾತ್ರಿ ಹನ್ನೊಂದಕ್ಕೂ ಅವಳಿಗೆ ಫೋನು ಮಾಡುತ್ತಿದ್ದೆವು. ಊರಿನಿಂದ ಅಣ್ಣ ಅತ್ತಿಗೆ, ಪುಣೆಯಿಂದ ತಂಗಿ, ಎಲ್ಲರೂ ವೈದ್ಯರನ್ನು ಕೇಳಬೇಕಾದುದನ್ನು ಅವಳನ್ನೇ ಕೇಳಿದರು. ವಾರಾಂತ್ಯದಲ್ಲಿ ಮನೆಗೆ ಬಂದರೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ರಾತ್ರಿ ಎಚ್ಚರವಿರುವುದು ಎಲ್ಲವೂ ಅವಳ ಪಾಲಿಗೆ. "ಅವಳಿಗೆ ಗೊತ್ತಿದೆಯಲ್ಲ" ಎಂಬ ಒಂದು ಮಾತಿನಿಂದ ನಾವೆಲ್ಲ ಹಗುರಾದೆವು. ಸತ್ಯವನ್ನು ತಿಳಿಸಬೇಕಾದಾಗ ಅವಳು ನಮಗೆ ಮಗು. ಕೆಲಸ ಮಾಡಿಸಬೇಕಾದಾಗ ಪೂರ್ಣ ತರಬೇತಿ ಪಡೆದ ದಾದಿ.

ಒಂದು ದಿನ ಅವಳ ವಾರ್ಡಿನಲ್ಲಿ ವೃದ್ಧೆಯೊಬ್ಬರು ತೀರಿಕೊಂಡರು. ದೇಹವನ್ನು ಶುಚಿಗೊಳಿಸುವುದರಲ್ಲಿ ನೆರವಾಗಲು ಹೋದ ಮಗಳು ಒದ್ದೆ ಬಟ್ಟೆಯನ್ನು ಹಿಡಿದು ಹಾಗೆಯೇ ನಿಂತುಬಿಟ್ಟಳಂತೆ. ವಾರ್ಡಿನ ಸಿಸ್ಟರ್ ಅವಳನ್ನು ಹೊರಗೆ ಕೂರಿಸಿ, ಚಹಾ ತರಿಸಿಕೊಟ್ಟು, ವಿಷಯ ತಿಳಿದುಕೊಂಡರು. ಸಂಜೆ ನನಗೆ ಫೋನು ಮಾಡಿ, ಆಸ್ಪತ್ರೆಯಲ್ಲಿ ಅವಳ ಪಾಳಿ ಮುಗಿಯುವ ಹೊತ್ತೆಂಬುದೊಂದಿದೆ, ಮನೆಯಲ್ಲಿ ಇದೆಯೇ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರಣಕ್ಕೆ ಮೊದಲೇ ಆರಂಭವಾಗುವ ದುಃಖವನ್ನು ಮನೋವೈದ್ಯ ಎರಿಕ್ ಲಿಂಡೆಮನ್ 1944ರಲ್ಲಿಯೇ ಗುರುತಿಸಿದ್ದರು. ನಿದ್ದೆ ಕೆಡುವುದು, ಓದಿದ್ದು ತಲೆಗೆ ಹತ್ತದಿರುವುದು, ಸಣ್ಣ ಮಾತಿಗೂ ಸಿಡುಕುವುದು, ಕೆಲವೊಮ್ಮೆ ಏನೂ ಅನಿಸದಿರುವುದು, ಇವು ಅಂಥ ದುಃಖದಲ್ಲಿ ಕಾಣಬಹುದಾದ ಲಕ್ಷಣಗಳು. ನರ್ಸಿಂಗ್ ವಿದ್ಯಾರ್ಥಿನಿಗೆ ಈ ಭಾರ ಇಮ್ಮಡಿಯಾದುದು. ಇತರರು ಆಸೆಯಿಂದಿರುವಾಗ ಮುಂದಿನ ಹಂತವೇನೆಂಬುದು ಅವಳಿಗೆ ತಿಳಿದಿರುತ್ತದೆ. ಬೆಳಿಗ್ಗೆ ಪುಸ್ತಕದಲ್ಲಿ ಓದಿದುದನ್ನು ಸಂಜೆ ಅಜ್ಜಿಯ ದೇಹದಲ್ಲಿ ಕಾಣುತ್ತಾಳೆ.

ಕಲಿತ ವಿದ್ಯೆ ಮನೆಗೇ ಒದಗದಿದ್ದರೆ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಬ್ಯಾಂಕಿನಲ್ಲಿ ಅಧಿಕಾರಿಯು ತನ್ನ ಬಂಧುವಿನ ಸಾಲವನ್ನು ತಾನೇ ಮಂಜೂರು ಮಾಡುವಂತಿಲ್ಲ. ಅವನು ಅಪ್ರಾಮಾಣಿಕನೆಂದಲ್ಲ, ಮಮತೆಯಿರುವಲ್ಲಿ ತೀರ್ಮಾನದ ಹೊರೆಯನ್ನು ಬೇರೆಯವರು ಹೊರುವುದೇ ಕ್ಷೇಮ. ಮೊಮ್ಮಗಳು ತಾನಾಗಿ ಮಾಡುವ ಸೇವೆ ಬೇರೆ. ನಾವು ಹೇರುವ ಹೊಣೆ ಬೇರೆ. ಆಧುನಿಕ ಹಾಸ್ಪಿಸ್ ಸೇವೆಗೆ ಬುನಾದಿ ಹಾಕಿದ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯನ್ನು ತೆರೆದ ಸಿಸಿಲಿ ಸಾಂಡರ್ಸ್ ತಾವೇ ದಾದಿಯಾಗಿ ತರಬೇತಿ ಪಡೆದವರು. ಅಂಥವರೂ ಈ ಕೆಲಸಕ್ಕೆ ಹಲವರ ತಂಡ ಬೇಕೆಂದು ಬಗೆದರು. ನಮ್ಮ ಬಾಂದ್ರಾದಲ್ಲಿಯೂ 1986ರಲ್ಲಿ ಶಾಂತಿ ಆವೇದನಾ ಸದನ ಆರಂಭವಾಯಿತು. ಹೀಗಿರುವಾಗ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳ ಮೇಲೆಯೇ ಎಲ್ಲವನ್ನೂ ಹೊರಿಸುವುದು ನ್ಯಾಯವೇ?

ಸಿಸ್ಟರ್ ಅವರ ಫೋನಿನ ಮರುದಿನವೇ ನಾನು ಹದಿನೈದು ದಿನಗಳ ರಜೆಗೆ ಅರ್ಜಿ ಹಾಕಿದೆ. ಆಸ್ಪತ್ರೆಯ ಉಪಶಾಮಕ ಚಿಕಿತ್ಸಾ ವಿಭಾಗದಲ್ಲಿ ತಾಯಿಯವರ ಹೆಸರನ್ನು ನೋಂದಾಯಿಸಿ, ಆ ವಿಭಾಗದ ಫೋನ್ ಸಂಖ್ಯೆಯನ್ನು ಗೋಡೆಗೆ ಅಂಟಿಸಿದೆ. ರಾತ್ರಿಗೆ ಒಬ್ಬ ಆಯಾ ಬಂದರು. ಮಗ್ಗುಲು ಬದಲಿಸುವುದನ್ನು ಮಗಳು ಒಮ್ಮೆ ತೋರಿಸಿಕೊಟ್ಟಳು. ಆಮೇಲೆ ನಾನೂ ಪತ್ನಿಯೂ ಮಾಡಿದೆವು. ಬಂಧುಗಳ ಪ್ರಶ್ನೆಗಳಿಗೆ ನಾನೇ ಉತ್ತರಿಸಿದೆ. ಮಗಳು ಭಾನುವಾರಗಳಂದು ಅಜ್ಜಿಯ ತಲೆ ಬಾಚುತ್ತ, ಕುಂದಾಪುರದ ಕಡೆಯ ಮಳೆಗಾಲದ ಕಥೆಗಳನ್ನು ಕೇಳುತ್ತ ಕುಳಿತಿರುತ್ತಿದ್ದಳು.

ಇಂಥ ಸ್ಥಿತಿಯಲ್ಲಿರುವ ವಿದ್ಯಾರ್ಥಿನಿಯರಿಗೆ ನನ್ನ ಸೂಚನೆ ಇಷ್ಟೇ. ತರಗತಿಯ ಅಧ್ಯಾಪಕಿಗೆ ವಿಷಯವನ್ನು ಮೊದಲೇ, ಲಿಖಿತವಾಗಿ ತಿಳಿಸಿರಿ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಪಾಠಗಳಲ್ಲಿ ಶೇಕಡಾ 80 ಹಾಜರಿ ಬೇಕು. ವಾರ್ಡಿನ ತರಬೇತಿಯಾದರೋ ಪದವಿ ಪಡೆಯುವುದರೊಳಗೆ ಪೂರ್ತಿಯಾಗಬೇಕು. ಎಂದರೆ ತಪ್ಪಿದ ವಾರ್ಡಿನ ದಿನಗಳನ್ನು ಆಮೇಲೆ ತುಂಬಿಕೊಡಬಹುದು. ಅಜ್ಜಿಯ ದಿನಗಳನ್ನು ತುಂಬಿಕೊಡಲಾಗದು. ಮನಸ್ಸು ತಡೆಯದಾದಾಗ 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿರಿ. ಅದು ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಕಾಲೇಜಿನವರೂ ಅಂಥವಳನ್ನು ಕೆಲವು ವಾರ ಅದೇ ರೋಗದ ವಾರ್ಡಿಗೆ ಹಾಕದಿದ್ದರೆ ದೊಡ್ಡ ಉಪಕಾರವಾದೀತು.

ತಾಯಿಯವರು ಶ್ರಾವಣದಲ್ಲಿ ತೀರಿಕೊಂಡರು. ಮಗಳಿಗೆ ಆ ಸಲ ಒಂದು ವಿಷಯ ಉಳಿಯಿತು. ಮುಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಮೂರು ವಾರಗಳ ಕಾಲ ವಿಷಯವನ್ನು ಮುಚ್ಚಿಟ್ಟದ್ದಕ್ಕೆ ನಾನು ಅವಳಲ್ಲಿ ಕ್ಷಮೆ ಕೇಳಿದ್ದೇನೆ. ನಮ್ಮ ಸಂಘದ ಅನೇಕ ಮನೆಗಳ ಹೆಣ್ಣುಮಕ್ಕಳು ಇಂದು ಈ ವೃತ್ತಿಗೆ ಹೋಗುತ್ತಿದ್ದಾರೆ. ಅವರಿಗೆ ಸತ್ಯವನ್ನು ಸಕಾಲದಲ್ಲಿ ತಿಳಿಸೋಣ, ಮನೆಯ ಭಾರವನ್ನು ನಾವು ಹೊರೋಣ, ಅಜ್ಜಿಯ ಪಕ್ಕದಲ್ಲಿ ಅವರನ್ನು ಮೊಮ್ಮಗಳಾಗಿ ಕೂರಗೊಡೋಣ ಎಂಬುದೇ ನನ್ನ ವಿನಮ್ರ ಅಭಿಪ್ರಾಯ.